ನೆನೆದ ಮೇಲೆ ಹೊದ್ದ ಗೊರಬು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಭಾನುವಾರ ಆಸ್ಟ್ರೇಲಿಯಾದಿಂದ ಮಾಡಿದ ವಿಡಿಯೊ ಕಾಲ್‌ನಲ್ಲಿ ನೀನು ಭುಜ ತಿರುಗಿಸಿ ತೋರಿಸಿದೆ. ಈಜುಡುಗೆಯ ಪಟ್ಟಿ ಇದ್ದ ಕಡೆ ಮಾತ್ರ ನಿನ್ನ ಹಳೇ ಬಣ್ಣ. ಉಳಿದದ್ದೆಲ್ಲ ಹುರಿದ ಕಾಫಿ ಬೀಜದ ಹಾಗೆ. "ಹೆಂಗಿದೆ ದೊಡ್ಡಮ್ಮ ನನ್ನ ಟ್ಯಾನ್?" ಅಂದೆ. ನಾನು ಒಂದೆರಡು ಕ್ಷಣ ಮಾತಾಡಲಿಲ್ಲ. ನಿನಗೆ ಅಷ್ಟು ಸಾಕಾಯಿತು. "ನಿಮಗೆಲ್ಲ ಬಿಳಿ ಬಣ್ಣದ್ದೇ ಹುಚ್ಚು" ಅಂದು ಮಾತು ಬದಲಾಯಿಸಿಬಿಟ್ಟೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಫೋನಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸಿಟ್ಟಿನಲ್ಲಿ ನ್ಯಾಯ ಇದೆ. ನೀನು ಹತ್ತು ವರ್ಷದವಳಿದ್ದಾಗ ಬೇಸಿಗೆ ರಜೆಗೆ ತೋಟದ ಮನೆಗೆ ಬಂದಿದ್ದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದೆ. "ಬಿಸಿಲಿಗೆ ಕಪ್ಪಾಗ್ತೀಯ, ನಾಳೆ ಯಾರು ಮದುವೆ ಆಗ್ತಾರೆ, ಒಳಗೆ ಬಾ" ಅಂತ ಜಗಲಿಯಿಂದ ಕೂಗಿದವಳು ನಾನೇ. ನರ್ಸ್ ಆಗಿ ಅಷ್ಟು ವರ್ಷ ದುಡಿದವಳು ನಾನು. ಮಗುವಿಗೆ ಆ ಮಾತು ಹೇಳಬಾರದಿತ್ತು. ಮಧ್ಯಾಹ್ನದ ಬಿಸಿಲಿನಿಂದ ನಿನ್ನನ್ನು ಒಳಗೆ ಕರೆದದ್ದು ಸರಿ, ಕೊಟ್ಟ ಕಾರಣ ತಪ್ಪು. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಕಪ್ಪು ಅನ್ನುವುದನ್ನು ದೋಷ ಅಂತ ನಾನು ಇನ್ನೆಂದೂ ಹೇಳುವುದಿಲ್ಲ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಚೆನ್ನಾಗಿ ಕಾಣುತ್ತೀಯ. ನಿಜವಾಗಿಯೂ ಕಾಣುತ್ತೀಯ. ಆದರೆ ಪುಟ್ಟಿ, ಪರೀಕ್ಷೆ ಮುಗಿದಿದೆ, ಈಜಿ ಬಂದಿದ್ದೀಯ, ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಆಗಿದೆ, ಮುಖದ ತುಂಬ ನಗು ಇದೆ. ಇದರಲ್ಲಿ ಟ್ಯಾನ್‌ನ ಪಾಲು ಎಷ್ಟು ಅಂತ ನೀನೇ ಯೋಚಿಸು. ಯುರೋಪಿನಲ್ಲೂ ಒಂದು ಕಾಲದಲ್ಲಿ ನಮ್ಮ ಹಾಗೇ ಇತ್ತು. ಹೊಲದಲ್ಲಿ ದುಡಿಯುವವರು ಬಿಸಿಲಿಗೆ ಬಣ್ಣ ಬದಲಾಗುತ್ತಿದ್ದರು, ದೊಡ್ಡ ಮನೆತನದ ಹೆಂಗಸರು ಕೊಡೆ ಹಿಡಿದು ಬೆಳ್ಳಗೆ ಉಳಿಯುತ್ತಿದ್ದರು. ಆಮೇಲೆ ಕೂಲಿ ಜನ ಕಾರ್ಖಾನೆ ಒಳಗೆ ಸೇರಿ ಬಿಳುಚಿಕೊಂಡರು. ದುಡ್ಡಿದ್ದವರು ರಜೆಗೆ ಸಮುದ್ರಕ್ಕೆ ಹೋಗಿ ಕಂದಾಗಿ ಬಂದರು. 1920ರ ದಶಕದಲ್ಲಿ ಕೊಕೊ ಶನೆಲ್ ಫ್ರಾನ್ಸಿನ ದಕ್ಷಿಣ ಕರಾವಳಿಯ ಬಿಸಿಲು ಕಾಯಿಸಿಕೊಂಡು ಬಂದ ಮೇಲಂತೂ ಅದೇ ಫ್ಯಾಶನ್ ಆಯಿತು ಅನ್ನುತ್ತಾರೆ. ಗದ್ದೆಯಲ್ಲಿ ಬಗ್ಗಿ ಬಂದ ಬಣ್ಣಕ್ಕೆ ಮರ್ಯಾದೆ ಇಲ್ಲ, ಮರಳಿನ ಮೇಲೆ ಮಲಗಿ ಬಂದ ಬಣ್ಣಕ್ಕೆ ಮರ್ಯಾದೆ. ಇಲ್ಲಿ ಬಿಳಿಗೆ ಮಣೆ ಹಾಕುವುದೂ, ಅಲ್ಲಿ ಕಂದಿಗೆ ಮಣೆ ಹಾಕುವುದೂ ನನಗೆ ಒಂದೇ ಹಾಗೆ ಕಾಣುತ್ತದೆ.

ನಾನು ಸುಮ್ಮನಾದದ್ದು ಬೇರೆ ಕಾರಣಕ್ಕೆ. ನಿನ್ನ ಭುಜದ ಮೇಲೆ, ಕತ್ತಿನ ಹತ್ತಿರ, ಒಂದು ಕಡೆ ಸಿಪ್ಪೆ ಏಳುತ್ತಿತ್ತು. ನೀನು ಮಾತಾಡುತ್ತಲೇ ಅದನ್ನು ಉಗುರಿನಿಂದ ಎಬ್ಬಿಸುತ್ತಿದ್ದೆ. ಅದು ಸುಟ್ಟ ಚರ್ಮ, ಪುಟ್ಟಿ.

ಟ್ಯಾನ್ ಹೇಗೆ ಬರುತ್ತದೆ ಅಂತ ಹೇಳುತ್ತೇನೆ, ಕೇಳು. ಅಜ್ಜ ಮಳೆಗಾಲದಲ್ಲಿ ಗದ್ದೆಗೆ ಹೋಗುವಾಗ ತಲೆಯಿಂದ ಬೆನ್ನಿನ ತನಕ ಗೊರಬು ಹೊದೆಯುತ್ತಿದ್ದರಲ್ಲ, ನೆನಪಿದೆಯಾ? ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಕೋಶಕ್ಕೆ ಬಿದ್ದು ಒಳಗಿನ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಆ ಪೆಟ್ಟು ಬಿದ್ದ ಮೇಲೆ ದೇಹ ಎಚ್ಚೆತ್ತು ಮೆಲನಿನ್ ಅನ್ನುವ ಬಣ್ಣವನ್ನು ಜಾಸ್ತಿ ಮಾಡುತ್ತದೆ. ಆ ಬಣ್ಣದ ಕಣಗಳು ಕೋಶದ ನಡುವಿನ ತಿರುಳಿನ ಮೇಲೆ ಗೊರಬಿನ ಹಾಗೇ ಕವುಚಿಕೊಂಡು ಕೂರುತ್ತವೆ. ಹೊಸ ಬಣ್ಣ ಕಾಣಿಸಿಕೊಳ್ಳಲು ಎರಡು ಮೂರು ದಿನ ಬೇಕು. ಅಂದರೆ ನೀನು ತೋರಿಸಿದ್ದು ಪೂರ್ತಿ ನೆನೆದ ಮೇಲೆ ಹೊದ್ದ ಗೊರಬು. ಮಳೆ ಆಗಲೇ ಮೈಗೆ ಇಳಿದಿದೆ. ಆ ಗೊರಬಾದರೂ ಎಷ್ಟು ಗಟ್ಟಿ? ಮೊದಲು ಟ್ಯಾನ್ ಮಾಡಿಕೊಂಡರೆ ಆಮೇಲೆ ಸುಡುವುದಿಲ್ಲ ಅಂತ ನಿನ್ನ ಗೆಳತಿ ಹೇಳಿದಳಂತೆ. ಟ್ಯಾನ್ ಕೊಡುವ ರಕ್ಷಣೆ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆಯಲ್ಲಿ, 3 ಅಥವಾ 4ರಷ್ಟು. ನಿಮ್ಮ ಅಂಗಡಿಗಳಲ್ಲಿ ಸಿಗುವ ಸನ್‌ಸ್ಕ್ರೀನ್ ಕ್ರೀಮಿನ ಡಬ್ಬಿ ಮೇಲೆ 50+ ಅಂತ ಇರುತ್ತದೆ.

ಇನ್ನೊಂದು ವಿಷಯ. ಇದನ್ನು ನಾನು ಯಾರಿಗೂ ಹೇಳಿಲ್ಲ. ಅಜ್ಜ ಕೊನೆಯ ಮೂರು ತಿಂಗಳು ಹಾಸಿಗೆ ಹಿಡಿದಿದ್ದಾಗ ದಿನಾ ಬೆಳಿಗ್ಗೆ ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದವಳು ನಾನು. ಅವರಿಗೆ ಆಗ 81. ಕುತ್ತಿಗೆಯ ಹಿಂಭಾಗ ಬೇಸಿಗೆಯ ಗದ್ದೆಯ ಹಾಗೆ ಅಡ್ಡಡ್ಡ ಸೀಳಿತ್ತು. ಮುಂಗೈ ಮೇಲೆ ಕಪ್ಪು ಬಿಳಿ ಚುಕ್ಕೆ, ಮುಟ್ಟಿದರೆ ಒರಟು. ಮೊದಲ ದಿನ ಬನಿಯನ್ ಬಿಚ್ಚಿ ಮಗ್ಗುಲಾಗಿಸಿದಾಗ ನನ್ನ ಕೈ ಹಾಗೇ ನಿಂತುಬಿಟ್ಟಿತು. ಬನಿಯನ್‌ನ ಅಂಚಿನ ಕೆಳಗೆ ಬೆನ್ನು ಹುಡುಗನ ಬೆನ್ನಿನ ಹಾಗಿತ್ತು. ನುಣುಪು, ಒಂದು ಗೆರೆ ಇಲ್ಲ. ಎರಡು ಬೆರಳಿನ ಅಂತರದಲ್ಲಿ ಒಂದೇ ಮನುಷ್ಯನಿಗೆ ಎರಡು ವಯಸ್ಸು. ವಯಸ್ಸಾಯಿತು ಅಂತ ನಾವು ಹೇಳುವುದರಲ್ಲಿ ಬಿಸಿಲು ಮಾಡಿದ್ದು ಎಷ್ಟು ಅಂತ ನನಗೆ ಅವತ್ತು ಕಣ್ಣಾರೆ ಗೊತ್ತಾಯಿತು. ಅಜ್ಜನಿಗೆ ಬೇರೆ ದಾರಿ ಇರಲಿಲ್ಲ. ನಮ್ಮನ್ನೆಲ್ಲ ಓದಿಸಲು ಅವರು ಆ ಬಿಸಿಲಿನಲ್ಲಿ ನಿಂತರು. ನೀನು ನಿಲ್ಲಬೇಕಾಗಿಲ್ಲ.

ನೀನಿರುವ ಬ್ರಿಸ್ಬೇನಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ನ್ಯಾಂಬೋರ್ ಅಂತ ಊರಿದೆ. ನಾನು ಅಜ್ಜನ ಬೆನ್ನಿನಲ್ಲಿ ನೋಡಿದ್ದನ್ನೇ ಅಲ್ಲಿ ಅಳತೆ ಹಾಕಿ ನೋಡಿದ್ದಾರೆ. 1992ರಿಂದ 1996ರವರೆಗೆ ಆ ಊರಿನ 1,600ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮುಖ, ಕುತ್ತಿಗೆ, ಕೈಗಳಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಬೇಕು, ಇನ್ನೊಂದು ಗುಂಪು ತಮ್ಮ ಮನಸ್ಸಿಗೆ ಬಂದ ಹಾಗೆ. ಅಂಗೈಯ ಹಿಂಭಾಗದ ಚರ್ಮದ ಅಚ್ಚು ತೆಗೆದು ಗೆರೆಗಳನ್ನು ಹೋಲಿಸಿದರು. 55 ದಾಟದವರಲ್ಲಿ ದಿನಾ ಹಚ್ಚಿದವರ ಚರ್ಮಕ್ಕೆ ನಾಲ್ಕೂವರೆ ವರ್ಷದಲ್ಲಿ ಹೇಳಿಕೊಳ್ಳುವಷ್ಟು ವಯಸ್ಸೇ ಆಗಿರಲಿಲ್ಲ. ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ನೂರಕ್ಕೆ 40ರಷ್ಟು ಕಡಿಮೆ ಬಂತು. ಚೆಂದ ಕಾಣಬೇಕು ಅನ್ನುವ ಆಸೆಗೆ ಟ್ಯಾನ್‌ಗಿಂತ ಇದೇ ಹತ್ತಿರದ ದಾರಿ ಅಲ್ವಾ?

ಕ್ಯಾನ್ಸರಿನ ವಿಷಯದಲ್ಲಿ ನಿನ್ನನ್ನು ಸುಳ್ಳು ಹೇಳಿ ಹೆದರಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ 70 ವರ್ಷದೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೂ ಚರ್ಮದ ಕ್ಯಾನ್ಸರ್ ಬರುತ್ತದೆ ಅನ್ನುವ ಲೆಕ್ಕ ಇದೆ. ಅದು ಹೆಚ್ಚಾಗಿ ಬಿಳಿ ಚರ್ಮದವರ ಲೆಕ್ಕ. ನಮ್ಮ ಕಂದು ಚರ್ಮಕ್ಕೆ ಹುಟ್ಟಿನಿಂದಲೇ ಒಂದು ಗೊರಬು ಇದೆ, ನಿನ್ನ ಅಪಾಯ ನಿನ್ನ ಗೆಳತಿಯರಿಗಿಂತ ಬಹಳ ಕಡಿಮೆ. ಕಡಿಮೆ ಅಂದರೆ ಇಲ್ಲ ಅಂತಲ್ಲ. ನಿನ್ನ ಗೆಳತಿಯರಿಗೂ ಈ ಪತ್ರ ಓದಿ ಹೇಳು, ಅವರ ಬಗ್ಗೆ ನನಗೆ ನಿನಗಿಂತ ಜಾಸ್ತಿ ಚಿಂತೆ. ಮೆಲ್ಬರ್ನ್‌ನಲ್ಲಿ ಕ್ಲೇರ್ ಆಲಿವರ್ ಅಂತ ಹುಡುಗಿ ಇದ್ದಳು. ಅತಿನೇರಳೆ ಬೆಳಕಿನ ಟ್ಯಾನಿಂಗ್ ಯಂತ್ರದಲ್ಲಿ ಮಲಗಿ ಬಣ್ಣ ಮಾಡಿಸಿಕೊಂಡಿದ್ದಳು. ಮೆಲನೋಮ ಅನ್ನುವ ಮಾರಕ ಚರ್ಮದ ಕ್ಯಾನ್ಸರ್ ಬಂದು ಸಾಯುವ ದಿನಗಳಲ್ಲೂ ಬೇರೆ ಹುಡುಗಿಯರು ಹೀಗೆ ಮಾಡಬೇಡಿ ಅಂತ ಎಲ್ಲರ ಮುಂದೆ ಬಂದು ಹೇಳಿದಳು. 2007ರಲ್ಲಿ ತೀರಿಕೊಂಡಾಗ ಅವಳಿಗೆ 26. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆ ಯಂತ್ರಗಳನ್ನು ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಗೆ, ತಂಬಾಕಿನ ಜೊತೆಗೇ ಸೇರಿಸಿತು. 2016ರ ಹೊತ್ತಿಗೆ ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳೂ ಅಂಥ ಅಂಗಡಿಗಳನ್ನು ನಿಷೇಧಿಸಿದವು.

ನಮ್ಮಂಥ ಚರ್ಮಕ್ಕೆ ಬಿಸಿಲು ಮೊದಲು ಕೊಡುವುದು ಬಂಗು. ನಿನ್ನ ಅಮ್ಮನಿಗೆ ನೀನು ಹೊಟ್ಟೆಯಲ್ಲಿದ್ದಾಗ ಕೆನ್ನೆ ಮೇಲೆ ಬಂದದ್ದು ಇವತ್ತಿಗೂ ಹೋಗಿಲ್ಲ. ಅದು ಮನೆತನದಲ್ಲಿ ಬರುತ್ತದೆ, ಬಿಸಿಲಿಗೆ ಗಾಢವಾಗುತ್ತದೆ. ಕಣ್ಣಿನ ಪೊರೆಗೂ ಅತಿನೇರಳೆ ಕಿರಣ ಒಂದು ಕಾರಣ, ಕಪ್ಪು ಕನ್ನಡಕ ಮರೆಯಬೇಡ.

ನೀನು ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮರಳಿನ ಮೇಲೆ ಮಲಗುತ್ತೀಯಂತೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ನಾನು ನಿನ್ನ ತಲೆಗೆ ತಟ್ಟಿದ್ದು ಅದೇ ಎಣ್ಣೆ, ಅದರ ಮೇಲೆ ನಿನಗಿರುವ ನಂಬಿಕೆ ನನಗೆ ಅರ್ಥವಾಗುತ್ತದೆ. ಆದರೆ ಅದು ಈ ಕಿರಣಗಳನ್ನು ತಡೆಯುವುದಿಲ್ಲ. ಸಮುದ್ರದ ಗಾಳಿ ತಂಪಾಗಿದೆ ಅಂತಲೂ ನಂಬಬೇಡ. ಸೆಕೆ ಬೇರೆ, ಯುವಿ ಅಂದರೆ ಅತಿನೇರಳೆ ಕಿರಣ ಬೇರೆ. ಅಲ್ಲಿ ಫೋನಿನಲ್ಲೇ ಯುವಿ ಸೂಚ್ಯಂಕ ತೋರಿಸುತ್ತದೆ, 3 ಮುಟ್ಟಿದರೆ ರಕ್ಷಣೆ ಬೇಕು ಅನ್ನುತ್ತಾರೆ. ಬೇಸಿಗೆಯ ಮಧ್ಯಾಹ್ನ ನಿಮ್ಮಲ್ಲಿ ಅದು 11 ದಾಟುತ್ತದೆ. ಈಜಲು ಹೋಗು, ಖಂಡಿತ ಹೋಗು, ಬೆಳಿಗ್ಗೆ ಬೇಗ ಇಲ್ಲವೇ ಸಂಜೆ. ತೋಳಿರುವ ಈಜುಡುಗೆ, ಅಗಲ ಅಂಚಿನ ಟೋಪಿ. ಸನ್‌ಸ್ಕ್ರೀನ್ ಒಂದೊಂದು ಕೈಗೆ, ಕಾಲಿಗೆ ಒಂದೊಂದು ಟೀ ಚಮಚ, ಎರಡು ಗಂಟೆಗೊಮ್ಮೆ ಮತ್ತೆ. ಹಾಗಂತ ಬಿಸಿಲಿಗೆ ಹೆದರಿ ಮನೆಯೊಳಗೇ ಕೂರಬೇಡ. ವಿಟಮಿನ್ ಡಿ ಮಾಡಿಕೊಳ್ಳಲು ಕಂದು ಚರ್ಮಕ್ಕೆ ಬಿಳಿಯವರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಓಡಾಡು. ಬಣ್ಣಕ್ಕಾಗಿ ಮಲಗುವುದು ಮಾತ್ರ ಬೇಡ.

ನಿನ್ನ ಫ್ಲ್ಯಾಟಿನ ಹುಡುಗಿ ಟ್ಯಾನ್ ಬರಲು ಮೂಗಿಗೆ ಏನೋ ಸ್ಪ್ರೇ ಮಾಡುತ್ತಾಳೆ ಅಂದೆಯಲ್ಲ, ಆ ಮಾತಿಗೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅದು ಮೆಲನಿನ್ ಹೆಚ್ಚಿಸುವ ಮೆಲನೊಟಾನ್ ಇರಬೇಕು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಟಿಜಿಎ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ, ಟ್ಯಾನ್‌ಗೆ ಮಾರುವ ಅಂಥ ಸ್ಪ್ರೇಗೆ ಒಪ್ಪಿಗೆ ಇಲ್ಲ. ಮಚ್ಚೆಗಳು ಕಪ್ಪಾಗುತ್ತವೆ, ಹೊಸವು ಹುಟ್ಟುತ್ತವೆ. ನೀನು ಮುಟ್ಟಬೇಡ, ಅವಳಿಗೂ ಬಿಡಿಸು. ಬಣ್ಣ ಬೇಕೇ ಬೇಕು ಅನ್ನಿಸಿದರೆ ಮೇಲಿಂದ ಬಳಿಯುವ ಟ್ಯಾನ್ ಲೋಶನ್ ಇದೆ. ಅದು ಸತ್ತ ಮೇಲ್ಪದರಕ್ಕೆ ಮಾತ್ರ ಬಣ್ಣ ಕೊಟ್ಟು ವಾರದಲ್ಲಿ ಹೋಗುತ್ತದೆ. ಬಿಸಿಲಿನಿಂದ ಕಾಪಾಡುವುದಿಲ್ಲ ಅನ್ನುವುದು ನೆನಪಿರಲಿ.

ಇನ್ನು ಅಕ್ಕನ ಮದುವೆಗೆ ಬರುತ್ತೀಯ. ಮಂಟಪದಲ್ಲಿ ಯಾರಾದರೂ "ಏನೇ ಇಷ್ಟು ಕಪ್ಪಾಗಿದ್ದೀಯ" ಅಂದೇ ಅನ್ನುತ್ತಾರೆ. ಆಗ ಪಕ್ಕದಲ್ಲಿ ನಾನಿರುತ್ತೇನೆ, ಉತ್ತರ ನಾನು ಕೊಡುತ್ತೇನೆ. ಆ ಮಾತಿಗೆ ಅಂಜಿ ಟ್ಯಾನ್ ತೆಗೆಯಲು ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋಗಬೇಡ, ಗುಳ್ಳೆ ಎದ್ದು ಕಲೆ ಉಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೊಡುವ ಸ್ಟಿರಾಯ್ಡ್ ಬೆರೆತ ಕ್ರೀಮ್ ಅಂತೂ ಬೇಡವೇ ಬೇಡ. ಒಬ್ಬಳು ಹುಡುಗಿ ವರ್ಷಗಟ್ಟಲೆ ಹಚ್ಚಿ ನಮ್ಮ ಒಪಿಡಿಗೆ ಬಂದಿದ್ದಳು. ಕೆನ್ನೆಯ ಚರ್ಮ ಈರುಳ್ಳಿ ಪೊರೆಯಷ್ಟು ತೆಳುವಾಗಿ, ಕೆಂಪು ನರಗಳು ಎಣಿಸುವ ಹಾಗೆ ಕಾಣುತ್ತಿದ್ದವು.

ನಿನ್ನ ರೂಮಿನ ಗೋಡೆ ಮೇಲೆ ಗಾಯಕ ಬಾಬ್ ಮಾರ್ಲಿ ಚಿತ್ರ ನೋಡಿದೆ. ಅವರು ಹೋದದ್ದು ಮೆಲನೋಮದಿಂದ. 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಕಾಣಿಸಿಕೊಂಡಿತು, 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು. ಆ ಬಗೆಯದು ಬಿಸಿಲಿನಿಂದ ಬರುವುದಲ್ಲ. ನಮ್ಮಂಥ ಬಣ್ಣದವರಿಗೆ ಮೆಲನೋಮ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಹಿಮ್ಮಡಿಯ ಕಪ್ಪು ಮಚ್ಚೆಯನ್ನು ಮುಳ್ಳು ಮುರಿದದ್ದು ಅಂತ ಒಂದೂವರೆ ವರ್ಷ ಬಿಟ್ಟುಕೊಂಡ ಒಬ್ಬ ಹೆಂಗಸಿಗೆ ನಾನೇ ಡ್ರೆಸಿಂಗ್ ಮಾಡಿದ್ದೇನೆ. ಅದಕ್ಕೇ ತಿಂಗಳಿಗೊಮ್ಮೆ ಸ್ನಾನ ಆದಮೇಲೆ ಅಂಗಾಲು ತಿರುಗಿಸಿ ನೋಡಿಕೋ.

ಒಂದು ಕೆಲಸ ಮಾತ್ರ ಈ ವಾರವೇ ಮಾಡು. ನಿನ್ನ ಎಡ ಹೆಗಲಿನ ಹಿಂದೆ ಎಳ್ಳು ಕಾಳಿನಷ್ಟು ಮಚ್ಚೆ ಇದೆ. ಬಾಣಂತನದಲ್ಲಿ ನಿನ್ನನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುತ್ತಿದ್ದಾಗಿನಿಂದ ಅದು ನನಗೆ ಗೊತ್ತು, ದುಂಡಗೆ, ಒಂದೇ ಬಣ್ಣ. ಭಾನುವಾರ ನೀನು ತಿರುಗಿದಾಗ ಅದು ಸ್ವಲ್ಪ ಅಗಲವಾದ ಹಾಗೆ, ಒಂದು ಅಂಚು ಹರಡಿದ ಹಾಗೆ ಕಂಡಿತು. ಫೋನಿನ ಬೆಳಕಿರಬಹುದು, ನನ್ನ ಕಣ್ಣೂ ಮೊದಲಿನ ಹಾಗಿಲ್ಲ. ಗೆಳತಿಯ ಹತ್ತಿರ ಅದರ ಪಕ್ಕ ಐದು ಸೆಂಟ್ ನಾಣ್ಯ ಹಿಡಿಸಿ, ಕಿಟಕಿಯ ಬೆಳಕಿನಲ್ಲಿ ಒಂದು ಫೋಟೊ ತೆಗೆಸಿ ನನಗೆ ಕಳಿಸು. ನಾನು ಏನು ಹೇಳುತ್ತೇನೆ ಅಂತ ಕಾಯದೆ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೋ. ಹೋಗುವ ದಿನ ಫೋನ್ ಮಾಡು, ನಿನ್ನ ಸರದಿ ಬರುವ ತನಕ ನಾನು ಮಾತಾಡುತ್ತಾ ಇರುತ್ತೇನೆ.

ನಿನ್ನ ದೊಡ್ಡಮ್ಮ
ಶಿವಮೊಗ್ಗ