ಸೂತ್ರಕ್ಕೆ ಮೊದಲು ಎಣಿಸಿ ನೋಡಲಿ

ಮಾನ್ಯರೇ,

ಪದವಿಪೂರ್ವ ತರಗತಿಗಳಲ್ಲಿ ಸಂಭವನೀಯತೆಯ ಅಧ್ಯಾಯವನ್ನು ನಾವು ಸೂತ್ರದಿಂದ ಆರಂಭಿಸಿ ಸೂತ್ರದಲ್ಲೇ ಮುಗಿಸುತ್ತೇವೆ. 0.507 ಎಂದು ಸರಿಯುತ್ತರ ಬರೆದ ವಿದ್ಯಾರ್ಥಿಗೂ ಆ ಸಂಖ್ಯೆ ಏನು ಹೇಳುತ್ತದೆಂದು ತಿಳಿದಿರುವುದಿಲ್ಲ. ಮಾದರಿ ಆಯ್ಕೆಯ ಪಾಠಕ್ಕೆಂದು ಹೇಗೂ ತರಗತಿಗೆ ಒಯ್ಯುವ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕವೇ (ಯಾವ ಕ್ರಮವೂ ಇಲ್ಲದೆ ಅಂಕಿಗಳನ್ನು ಜೋಡಿಸಿದ ಪಟ್ಟಿ) ಈ ಕೊರತೆಗೆ ಒದಗಿಬರುತ್ತದೆ ಎಂಬುದು ಗಂಗಾವತಿಯಲ್ಲಿ ಸಂಖ್ಯಾಶಾಸ್ತ್ರ ಬೋಧಿಸುತ್ತಿರುವ ನನ್ನ ಅನುಭವ.

23 ಜನರ ಗುಂಪಿನಲ್ಲಿ ಕನಿಷ್ಠ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವನೀಯತೆ 0.507, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ಎಂದರೆ ಮಕ್ಕಳು ನಂಬುವುದಿಲ್ಲ. ವಾದ ಮಾಡದೆ ಕೋಷ್ಟಕ ಕೊಟ್ಟೆ. ಮೂರು ಮೂರು ಅಂಕಿಗಳನ್ನು ಕೂಡಿಸಿ ಓದಬೇಕು. 001ರಿಂದ 365ರವರೆಗೆ ಬಂದರೆ ಅದೇ ವರ್ಷದ ದಿನ, 366ರಿಂದ 730ರವರೆಗೆ ಬಂದರೆ 365 ಕಳೆದು ಉಳಿದದ್ದು. 000 ಮತ್ತು 730ಕ್ಕೆ ಮೇಲ್ಪಟ್ಟವು ಬೇಡ. ಹೀಗೆ 23 ದಿನಗಳ ಪಟ್ಟಿ ಬರೆದು ಯಾವುದಾದರೂ ಮರುಕಳಿಸಿದೆಯೇ ಎಂದು ನೋಡಬೇಕು. 'ಮೇಲಿನವುಗಳಲ್ಲಿ 730 ಕಳೆದರಾಯಿತಲ್ಲ ಸರ್, ಯಾಕೆ ಬಿಡಬೇಕು?' ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಹಾಗೆ ಮಾಡಿದರೆ ಜನವರಿ 1ರಿಂದ ಸೆಪ್ಟೆಂಬರ್ 26ರವರೆಗಿನ ದಿನಗಳಿಗೆ ಮೂರು ಅವಕಾಶ, ಉಳಿದ ದಿನಗಳಿಗೆ ಎರಡೇ ಅವಕಾಶ ಸಿಗುತ್ತದೆಂದು ತರಗತಿಯೇ ಲೆಕ್ಕ ಹಾಕಿ ಕಂಡುಕೊಂಡಿತು. ಸಮಸಂಭವ (ಎಲ್ಲಕ್ಕೂ ಸಮಾನ ಅವಕಾಶ) ಎಂಬುದಕ್ಕೆ ನಾನು ವರ್ಷಗಟ್ಟಲೆ ಬರೆಸಿದ ವ್ಯಾಖ್ಯೆಗಿಂತ ಆ ಹತ್ತು ನಿಮಿಷ ಹೆಚ್ಚು ತಿಳಿಸಿಕೊಟ್ಟಿತು.

ಒಬ್ಬನ ಐದು ಪಟ್ಟಿಗಳಲ್ಲೂ ಜೋಡಿ ಸಿಕ್ಕಿತು, ಪಕ್ಕದವನಿಗೆ ಒಂದರಲ್ಲೂ ಇಲ್ಲ; ಎಲ್ಲರದನ್ನೂ ಕೂಡಿಸಿದಾಗ ಅರ್ಧದ ಆಸುಪಾಸಿಗೆ ಬಂತು. ಇಂಥ ಪ್ರಶ್ನೆಯಲ್ಲಿ 100 ಪ್ರಯೋಗಗಳ ಅಂದಾಜು 0.10ರವರೆಗೆ ಆಚೀಚೆ ಆಗುವುದು ಸಹಜ. ಆ ಅಂತರವನ್ನು ಅರ್ಧಕ್ಕಿಳಿಸಲು ಪ್ರಯೋಗಗಳು ನಾಲ್ಕು ಪಟ್ಟಾಗಬೇಕು; 0.01ಕ್ಕೆ ತರಲು 10,000 ಬೇಕು. ಅಷ್ಟು ಪಟ್ಟಿಗಳಿಗೆ ಕಂಪ್ಯೂಟರ್ ಬೇಕೇ ಬೇಕು, ಆದರೆ ಅನೇಕ ಕಡೆ ಆ ಕೊಠಡಿಯ ಬೀಗ ಸಂಖ್ಯಾಶಾಸ್ತ್ರದವರಿಗಾಗಿ ತೆರೆಯುವುದು ಅಪರೂಪ.

ಒಂದು ಎಚ್ಚರಿಕೆಯನ್ನೂ ಮಕ್ಕಳಿಗೆ ಹೇಳಲೇಬೇಕು. ನಮ್ಮ ಕಡೆ ಹಿರಿಯರಲ್ಲಿ ಅನೇಕರ ಜನ್ಮದಿನಾಂಕ ದಾಖಲೆಯಲ್ಲಿ ಜೂನ್ 1 ಎಂದೇ ಇರುತ್ತದೆ. ಶಾಲೆಗೆ ಸೇರಿಸುವ ದಿನ ಮಾಸ್ತರರು ಅಂದಾಜಿನ ಮೇಲೆ ಬರೆದುಕೊಂಡದ್ದು ಅದು. ಅಂಥ 23 ಜನರ ಹೆಸರಿರುವ ಹಳೆಯ ಹಾಜರಿ ಪುಸ್ತಕದಲ್ಲಿ ಜೋಡಿ ಸಿಗುವುದು ಬಹುತೇಕ ಖಚಿತ, ಕೋಷ್ಟಕಕ್ಕೆ ಮಾತ್ರ ಅದು ತಿಳಿಯದು.

ಇದು ಆಟ, ಪಾಠವಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಮ್ ಒಬ್ಬರೇ ಕುಳಿತು ಇಸ್ಪೀಟು ಆಡುತ್ತ, ಗೆಲ್ಲುವ ಸಂಭವವನ್ನು ಲೆಕ್ಕದಿಂದ ಬಿಡಿಸುವುದು ಕಷ್ಟವೆನಿಸಿ, ನೂರು ಸಲ ಆಡಿ ಎಣಿಸಿದರೆ ಹೇಗೆ ಎಂದು ಯೋಚಿಸಿದ್ದರಿಂದಲೇ, ಯಾದೃಚ್ಛಿಕ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಎಣಿಸಿ ಉತ್ತರ ಅಂದಾಜಿಸುವ ಮಾಂಟೆ ಕಾರ್ಲೊ ವಿಧಾನ ರೂಪುಗೊಂಡಿತು ಎಂಬುದನ್ನು ಅವರಿಗೆ ನೆನಪಿಸಬಯಸುತ್ತೇನೆ.

ಆಂತರಿಕ ಅಂಕಗಳಿಗೆ ಕೊಡುವ ಚಟುವಟಿಕೆಗಳಲ್ಲಿ ಇಂಥದೊಂದನ್ನು ಸೇರಿಸಲು ಇಲಾಖೆ ಸೂಚಿಸಬೇಕು. ಎಣಿಕೆಯ ಉತ್ತರ ಸೂತ್ರದ ಉತ್ತರಕ್ಕೆ ಹೊಂದಲಿಲ್ಲವೆಂದು ಅಂಕ ಕಡಿತ ಮಾಡಬಾರದೆಂದೂ ಅದೇ ಸೂಚನೆಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಮಕ್ಕಳು ಕೋಷ್ಟಕವನ್ನು ತೆರೆಯದೆಯೇ 0.507 ಎಂದು ಬರೆದು ಕೊಡುತ್ತಾರೆ.

– ಸಂಖ್ಯಾಶಾಸ್ತ್ರ ಉಪನ್ಯಾಸಕ, ಗಂಗಾವತಿ, ಕೊಪ್ಪಳ ಜಿಲ್ಲೆ