ಗೊರಕೆಗೆ ಸಾಮಾನು ತರಿಸುವ ಮೊದಲು

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಅಳಿಯನಿಗೆ ಆಶೀರ್ವಾದ.

ನೀನು ವಾಟ್ಸ್ಯಾಪಿನಲ್ಲಿ ಕಳಿಸಿದ ಏಳು ಸಾಮಾನುಗಳ ಚಿತ್ರ ನೋಡಿದೆ. ಒಂದನ್ನೂ ಈಗ ತರಿಸಬೇಡ ಮಾರಾಯ. ಗೊರಕೆ ಎಲ್ಲಿಂದ ಹೊರಡುತ್ತದೆ ಅಂತ ತಿಳಿಯದೆ ತಂದದ್ದು ಕಪಾಟಿನ ಮೂಲೆ ಸೇರುತ್ತದೆ.

ಮೊದಲು ನಿನ್ನ ಹೆಂಡತಿ ಹತ್ತಿರ ಹೇಳಿ ನಾಲ್ಕು ರಾತ್ರಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸು. ಗೊರಕೆ ಒಮ್ಮೆಲೇ ನಿಂತು, 10 ಸೆಕೆಂಡೋ ಅದಕ್ಕಿಂತ ಹೆಚ್ಚೋ ಸದ್ದಿಲ್ಲದೆ, ಆಮೇಲೆ ಗಕ್ಕನೆ ಉಸಿರೆಳೆದುಕೊಳ್ಳುವುದು ಕೇಳಿಸಿದರೆ ಅಂಗಡಿ ಸಾಮಾನಿನ ಮಾತೇ ಬೇಡ. ಹಗಲು ತೂಕಡಿಕೆ, ಬಿ.ಪಿ. ಇದ್ದರೂ ಹಾಗೆಯೇ. ಇಎನ್‌ಟಿ ವೈದ್ಯರನ್ನು ಕಂಡು ನಿದ್ರೆಯ ಪರೀಕ್ಷೆ ಮಾಡಿಸು. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಅಂತ ಅದರಲ್ಲಿ ಲೆಕ್ಕ ಸಿಗುತ್ತದೆ: 5ರ ಒಳಗೆ ಸಹಜ, 15ರಿಂದ ಮಧ್ಯಮ, 30 ದಾಟಿದರೆ ತೀವ್ರ.

ಉಸಿರು ನಿಲ್ಲುವುದಿಲ್ಲವಾದರೆ ಕನ್ನಡಿಯ ಮುಂದೆ ನಿಲ್ಲು. ಮೂಗಿನ ಪಕ್ಕದ ಕೆನ್ನೆಯನ್ನು ಎರಡು ಬೆರಳಿನಿಂದ ಹೊರಕ್ಕೆ ಎಳೆದು ಉಸಿರಾಡು. ಸಲೀಸಾದರೆ ಮೂಗಿನ ಮೇಲೆ ಅಂಟಿಸಿ ಹೊಳ್ಳೆ ತೆರೆದಿಡುವ ಪಟ್ಟಿಯಿಂದ ಪ್ರಯೋಜನ ಉಂಟು. ಇನ್ನು ಬಾಯಿ ತೆರೆದು ಬೇಕೆಂದೇ ಗೊರಕೆ ಸದ್ದು ಮಾಡು, ಕೆಳದವಡೆಯನ್ನು ಮುಂದೆ ತಂದು ಮತ್ತೆ ಮಾಡು. ಸದ್ದು ಬರುವುದೇ ಕಷ್ಟವಾದರೆ ನಾಲಿಗೆಯ ಬುಡ ಹಿಂದೆ ಬೀಳುತ್ತಿದೆ ಅನ್ನಬಹುದು. ಆಗ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ, ಕೆಳದವಡೆಯನ್ನು ಮುಂದೆ ಹಿಡಿಯುವ ಸಾಧನ ನೋಡಬೇಕು.

ಪಟ್ಟಿ ಅಂಟಿಸುವಾಗ ಮೂಗನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸು. ಎಲುಬು ಮುಗಿದು ಮೆತ್ತಗಾಗುವ ಜಾಗದಲ್ಲಿ ಕೂರಬೇಕು, ಮೇಲೆ ಹೋದರೆ ಏನೂ ತೆರೆಯುವುದಿಲ್ಲ. ನಮ್ಮ ಸೆಕೆಗೆ ಬೆವರಿ ಮಧ್ಯರಾತ್ರಿಗೇ ಕಳಚಿಕೊಳ್ಳುತ್ತದೆ, ಫ್ಯಾನ್ ಬೇಕು. ಮೂಗು ಕಟ್ಟಿದ್ದಕ್ಕೆ ಅಂಗಡಿಯ ಡ್ರಾಪ್ಸ್ ಹಾಕುವುದಿದ್ದರೆ ಮೂರು ದಿನದ ಮೇಲೆ ಬೇಡ, ಬಿಟ್ಟ ಮೇಲೆ ಇನ್ನೂ ಹೆಚ್ಚು ಕಟ್ಟುತ್ತದೆ. ಉಪ್ಪುನೀರಿನಲ್ಲಿ ಮೂಗು ತೊಳೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಬಾವಿಯಿಂದ ಸೇದಿದ ನೀರು ಹಾಗೆಯೇ ಬೇಡ.

ಹಣ ಹಾಕುವುದಿದ್ದರೆ ದವಡೆಯ ಸಾಧನಕ್ಕೆ ಹಾಕು. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚು ತೆಗೆಯುವ ಅಗ್ಗದ್ದು ಪರೀಕ್ಷೆಗೆ ಸಾಕು. ಚೀಟಿಯಲ್ಲಿ ಬರೆದಷ್ಟೇ ಸೆಕೆಂಡು ಅದ್ದು, ಹೆಚ್ಚಾದರೆ ಅಚ್ಚು ಮುದುಡಿ ಹಲ್ಲಿಗೆ ಕೂರುವುದಿಲ್ಲ. ಅದು ಒಗ್ಗಿದರೆ ದಂತವೈದ್ಯರಲ್ಲಿ ಮೇಲೆ ಕೆಳಗೆ ಎರಡೂ ಅಳತೆ ಕೊಟ್ಟು ಸ್ಕ್ರೂ ಇರುವುದನ್ನು ಮಾಡಿಸು. ದವಡೆ ಎಷ್ಟು ಮುಂದೆ ಬರುತ್ತದೋ ಅದರ ಅರ್ಧದಷ್ಟರಿಂದ ಶುರು, ಆಮೇಲೆ ಕೆಲವು ರಾತ್ರಿಗೊಮ್ಮೆ ಸ್ಕ್ರೂ ತಿರುಗಿಸಿ ಅರ್ಧ ಮಿಲಿಮೀಟರ್ ಮುಂದಕ್ಕೆ. ಆತುರಪಟ್ಟು ತಿರುಗಿಸಿದರೆ ಕಿವಿಯ ಮುಂದಿನ ಕೀಲು ನೋಯುತ್ತದೆ. ಬೆಳಿಗ್ಗೆ ಹಲ್ಲು ಸರಿ ಕೂರದಿದ್ದರೆ ಸ್ವಲ್ಪ ಹೊತ್ತು ಮೆಲ್ಲಗೆ ಜಗಿ, ಸರಿಯಾಗುತ್ತದೆ. ದಿನಪೂರ್ತಿ ಉಳಿದರೆ ತೋರಿಸು. ಹಲ್ಲು ಅಲುಗಾಡಿದರೆ, ವಸಡು ಬಾತಿದ್ದರೆ ಈ ದಾರಿ ಬೇಡ.

ಮಲಗುವ ಬಗೆಯೂ ಉಂಟು. ಅಂಗಾತ ಮಲಗಿದಾಗ ಮಾತ್ರ ಗೊರಕೆಯಾದರೆ ಹಳೇ ಬನಿಯನಿನ ಬೆನ್ನಿಗೆ ಜೇಬು ಹೊಲಿಸಿ ಟೆನಿಸ್ ಬಾಲ್ ಇಡು. ದಿಂಬು ಮೇಲೆ ದಿಂಬು ಇಟ್ಟರೆ ಕತ್ತು ಬಾಗಿ ಗಂಟಲು ಇನ್ನೂ ಇಕ್ಕಟ್ಟಾಗುತ್ತದೆ, ಅದರ ಬದಲು ಮಂಚದ ತಲೆಬದಿಯ ಕಾಲಿನಡಿ 4 ಇಂಚಿನ ಮರದ ತುಂಡು ಇಡು. ಬಾಯಿಗೆ ಟೇಪ್ ಅಂಟಿಸುವ ಹುಚ್ಚಾಟ, ಮೂಗು ಕಟ್ಟುವ ನಿನಗಂತೂ, ಬೇಡವೇ ಬೇಡ.

ನಿದ್ರೆಯ ಪರೀಕ್ಷೆಯಲ್ಲಿ ಸಿ-ಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಯಂತ್ರ, ಬೇಕೆಂದು ಬಂದರೆ ಹೆದರಬೇಡ, 1981ರಿಂದ ಇರುವಂಥದ್ದು ಅದು. ಸಿಕ್ಕಿದರೆ ಒಂದು ತಿಂಗಳು ಬಾಡಿಗೆಗೆ ತಾ. ಗಾಳಿ ಕಣ್ಣಿಗೆ ಹೊಡೆದರೆ ಮಾಸ್ಕಿನ ಪಟ್ಟಿ ಬಿಗಿಯುವುದಲ್ಲ, ಅದರ ಅಳತೆ ಬದಲಿಸು. ಗಡ್ಡ ಇದ್ದರೆ ಅಂಚಿನಲ್ಲಿ ಸೋರುತ್ತದೆ. ಆಟಿ ತಿಂಗಳ ಮಳೆಗಾಲದಲ್ಲಿ ಪೈಪಿನೊಳಗೆ ಬೂಷ್ಟು ಬರುತ್ತದೆ: ವಾರಕ್ಕೊಮ್ಮೆ ಸೋಪು ನೀರಿನಲ್ಲಿ ತೊಳೆದು ನೆರಳಿಗೆ ತೂಗುಹಾಕು, ಗಾಳಿಗೆ ತೇವ ಕೊಡುವ ಯಂತ್ರದ ತೊಟ್ಟಿಗೆ ಡಿಸ್ಟಿಲ್ಡ್ ನೀರು ಮಾತ್ರ. ಗುಡುಗಿದರೆ ಕರೆಂಟು ಹೋಗುತ್ತದಲ್ಲ, ಇನ್ವರ್ಟರಿನ ಸಂಪರ್ಕ ಕೊಡು.

ರೆಕಾರ್ಡಿಂಗ್ ನನಗೂ ಕಳಿಸು. ನಾಲ್ಕರಲ್ಲಿ ಎರಡು ರಾತ್ರಿಯಾದರೂ ಬಿಯರ್ ಇಲ್ಲದ್ದಾಗಿರಲಿ.

ಇಂತಿ ನಿನ್ನ
ಮಾವ