ಕಾರವಾರ ದ್ವೀಪ ಪ್ರವಾಸದ ವೇಳಾಪಟ್ಟಿ ಮತ್ತು ಸುರಕ್ಷತೆಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು.

ವಿಷಯ: ‘ಕಾರವಾರ – ದ್ವೀಪಗಳು – ನೇತ್ರಾಣಿ’ ಪ್ಯಾಕೇಜಿನಲ್ಲಿನ ಲೋಪಗಳು, ಹಣ ವಾಪಸಾತಿ ಹಾಗೂ ಕಾರ್ಯಕ್ರಮ ಪರಿಷ್ಕರಣೆ ಕುರಿತು.

ಮಾನ್ಯರೇ,

ಫೆಬ್ರವರಿ ಹುಣ್ಣಿಮೆಯ ವಾರಾಂತ್ಯದಲ್ಲಿ ನಿಮ್ಮ ಸಂಸ್ಥೆ ನಡೆಸಿದ ಪ್ರವಾಸದ ಸಹಪ್ರಯಾಣಿಕರ ಪರವಾಗಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮಲ್ಲಿ ಹಲವರು ಉತ್ತರ ಕನ್ನಡ ಕರಾವಳಿಯವರೇ. ಗೋವಾಕ್ಕೆ ಹೋಗುವವರು ಬಸ್ಸಿನ ಕಿಟಕಿಯಲ್ಲೇ ನೋಡಿ ದಾಟಿಬಿಡುವ ಕಾರವಾರವನ್ನು ಒಂದು ಪ್ರವಾಸದ ಊರಾಗಿ ನೀವು ಆರಿಸಿಕೊಂಡದ್ದು ನಮಗೆ ಸಂತೋಷದ ಸಂಗತಿ. ಅದನ್ನು ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಆದರೆ ಈಗಿರುವ ವೇಳಾಪಟ್ಟಿಯಲ್ಲೇ ಇನ್ನೊಂದು ತಂಡವನ್ನು ಕರೆತರಬೇಡಿ.

ಮೊದಲನೆಯದು ಕೂರ್ಮಗಡ ದ್ವೀಪದ ದೋಣಿ ಪ್ರಯಾಣ. ಕೋಡಿಬಾಗದಿಂದ ಬೆಳಿಗ್ಗೆ 11.30ಕ್ಕೆ ಹೊರಟು ಸಂಜೆ 4.30ಕ್ಕೆ ಮರಳುವುದೆಂದು ನಿಮ್ಮ ಪಟ್ಟಿ ಹೇಳುತ್ತದೆ. ವರ್ಷವಿಡೀ, ಎಲ್ಲ ತಿಥಿಗೂ ಇದೊಂದೇ ಸಮಯ. ಕಾಳಿ ನದಿ ಸಮುದ್ರ ಸೇರುವ ಅಳಿವೆ ಗೊತ್ತಿದ್ದ ಯಾರೂ ಹೀಗೆ ಸಮಯ ಇಡುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಲ್ಲಿ ಉಬ್ಬರ ತುಂಬುವುದು ಹೆಚ್ಚುಕಡಿಮೆ ನಡುಹಗಲಿನ ಹೊತ್ತಿಗೆ. ಅಲ್ಲಿಂದ ನೀರು ಇಳಿಯುತ್ತಾ ಹೋಗಿ ಮೂರರಿಂದ ನಾಲ್ಕು ಗಂಟೆಗೆ ಅಳಿವೆಯಲ್ಲಿ ಹೊರಮುಖದ ಸೆಳೆತ ಜೋರಾಗಿರುತ್ತದೆ. ಅದೇ ಹೊತ್ತಿಗೆ ಸಮುದ್ರದ ಕಡೆಯಿಂದ ವಾಯವ್ಯ ಗಾಳಿಯೂ ಏರಿರುತ್ತದೆ. ಹೊರಗೆ ಹೋಗುವ ನೀರಿಗೆ ಒಳಗೆ ಬರುವ ಅಲೆ ಎದುರಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಅಡಿಯಲ್ಲಿ ಮರಳ ದಿಬ್ಬವೂ ಇದ್ದರೆ ಕೇಳುವುದೇ ಬೇಡ. ನಿಮ್ಮ ದೋಣಿ ವಾಪಸು ಬರುವುದು ಸರಿಯಾಗಿ ಈ ಹೊತ್ತಿಗೆ, ಈ ದಿಬ್ಬದ ಮೇಲೆ.

ಅಂದು ಆದದ್ದೂ ಅದೇ. ದೋಣಿಯ ತಳ ದಿಬ್ಬಕ್ಕೆ ತಾಗಿತು. ಔಟ್‌ಬೋರ್ಡ್ ಎಂಜಿನ್ ತಣ್ಣಗಾಗುವುದು ತಾನೇ ಕೆಳಗಿನಿಂದ ಎಳೆದುಕೊಳ್ಳುವ ಸಮುದ್ರದ ನೀರಿನಿಂದ. ಆಳ ಕಡಿಮೆಯಾದಾಗ ನೀರಿನ ಜೊತೆ ಮರಳೂ ಸೇರಿ ಪಂಪಿನೊಳಗಿನ ರಬ್ಬರ್ ರೆಕ್ಕೆಯನ್ನು ತಿನ್ನುತ್ತದೆ, ದಾರಿಯನ್ನು ಕಟ್ಟುತ್ತದೆ. ಎಂಜಿನ್ನಿನ ಹಿಂಬದಿಯಿಂದ ಬೆರಳು ದಪ್ಪ ಚಿಮ್ಮುತ್ತಿದ್ದ ನೀರು ಮೊದಲು ದಾರದಷ್ಟಾಯಿತು, ಆಮೇಲೆ ಹನಿಯಾಯಿತು. ದೋಣಿ ನಡೆಸುವ ತಾಂಡೇಲರು ಅದನ್ನು ಕಂಡ ತಕ್ಷಣ ಎಂಜಿನ್ ನಿಲ್ಲಿಸಿ, ಹುಟ್ಟು ಹಾಕಿ, ಅಲೆಗೆ ದೋಣಿ ಅಡ್ಡವಾಗದಂತೆ ಹಿಡಿದರು. ದಡ ಸೇರಿದ್ದು ಅವರಿಂದ. ಅವರ ಮೇಲೆ ನಮ್ಮ ದೂರು ಎಳ್ಳಷ್ಟೂ ಇಲ್ಲ. “ಈ ಹೊತ್ತಿಗೆ ಬೇಡ” ಎಂದು ಅವರು ದೋಣಿ ಹತ್ತುವ ಧಕ್ಕೆಯಲ್ಲೇ ಹೇಳಿದ್ದರು. “ಪಟ್ಟಿಯಲ್ಲಿರುವ ಹಾಗೇ ನಡೆಯಬೇಕು” ಎಂದವರು ನಿಮ್ಮ ಸಂಯೋಜಕರು.

ಲೈಫ್ ಜಾಕೆಟ್‌ಗಳ ಸ್ಥಿತಿ ಇನ್ನೂ ಗಂಭೀರ. ಎಲ್ಲವೂ ದೊಡ್ಡವರ ಅಳತೆಯವು. ದೊಡ್ಡವರ ಜಾಕೆಟನ್ನು ಏಳೆಂಟು ವರ್ಷದ ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇರುತ್ತದೆ, ಮಗು ಕೆಳಗೆ ಜಾರುತ್ತದೆ. ಮಕ್ಕಳಿಗೆ ಅವರ ತೂಕಕ್ಕೆ ಹೊಂದುವ ಜಾಕೆಟ್ ಬೇಕು, ಕಾಲುಗಳ ನಡುವೆ ಹಾಯುವ ಪಟ್ಟಿ ಇರಬೇಕು, ಹೆಗಲ ಬಳಿ ಹಿಡಿದು ಎತ್ತಿದರೆ ಗಲ್ಲದ ಮೇಲಕ್ಕೆ ಬರಬಾರದು. ನೀವು ಕೊಟ್ಟವುಗಳಲ್ಲಿ ಕೆಲವಕ್ಕೆ ಬಕಲ್ ಒಡೆದು ಪಟ್ಟಿಯನ್ನು ಗಂಟು ಹಾಕಲಾಗಿತ್ತು, ಕೆಲವದರ ಒಳಗಿನ ಫೋಮ್ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಒಂದಕ್ಕೂ ಸೀಟಿ ಇರಲಿಲ್ಲ. 2019ರ ಜನವರಿ 21ರಂದು, ಬನದ ಹುಣ್ಣಿಮೆಯ ದಿನ, ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅದೇ ನೀರಿನಲ್ಲಿ ಜನರನ್ನು ಕರೆದೊಯ್ಯುವ ಸಂಸ್ಥೆ ಜಾಕೆಟ್ ವಿಷಯದಲ್ಲಿ ಇಷ್ಟು ಉದಾಸೀನ ತೋರುವುದನ್ನು ನಾವು ಕ್ಷಮಿಸಲಾರೆವು.

ಸಮಯ ಸರಿಪಡಿಸುವುದು ಕಷ್ಟವೇನಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಮುದ್ರಿತ ಕೋಷ್ಟಕವೂ ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಎಡಬಲದ ದಿನಗಳಲ್ಲಿ ಎಂಟಕ್ಕೆ ಏರುವ ನೀರಿನಲ್ಲಿ ಹೊರಟು, ನೀರು ತುಂಬಿರುವಾಗಲೇ ಹನ್ನೊಂದೂವರೆಯೊಳಗೆ ಅಳಿವೆ ದಾಟಿ ಬನ್ನಿ. ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತ ಕಡಿಮೆ, ಆದರೆ ನಡುಹಗಲಿಗೆ ಇಳಿತ ಬೀಳುತ್ತದೆ. ಆಗ ಏಳಕ್ಕೇ ಹೊರಟು ಹತ್ತಕ್ಕೆ ಮರಳಬೇಕು. ಎರಡೂ ಲೆಕ್ಕದಲ್ಲಿ ಮಧ್ಯಾಹ್ನದ ಗಾಳಿ ಏಳುವ ಮುನ್ನ ಜನ ದಡದಲ್ಲಿರುತ್ತಾರೆ. ಇದಕ್ಕೆ ಹಿಂದಿನ ರಾತ್ರಿ ಕಾರವಾರದಲ್ಲೇ ತಂಗಬೇಕಾಗುತ್ತದೆ. ರಾತ್ರಿ ಬಸ್ಸಿನಿಂದ ಇಳಿಸಿ ನೇರ ದೋಣಿಗೆ ಹತ್ತಿಸುವ ಕ್ರಮ ಬಿಡಬೇಕು. ರೈಲಿನಲ್ಲಿ ಬರುವವರಿಗೆ ನಿಲ್ದಾಣ ಪೇಟೆಯೊಳಗಿಲ್ಲ, ಶಿರವಾಡದಲ್ಲಿದೆ ಎಂಬುದನ್ನೂ ಮೊದಲೇ ತಿಳಿಸಿ.

ಎರಡನೆಯ ದಿನದ ನೇತ್ರಾಣಿ ಕಾರ್ಯಕ್ರಮವಂತೂ ನಕ್ಷೆಯನ್ನೇ ನೋಡದೆ ಮಾಡಿದಂತಿದೆ. ನೇತ್ರಾಣಿಗೆ ದೋಣಿ ಹೊರಡುವುದು ಮುರುಡೇಶ್ವರದಿಂದ. ಕಾರವಾರದಿಂದ ಅಲ್ಲಿಗೆ ಸುಮಾರು 120 ಕಿ.ಮೀ. ರಸ್ತೆ, ಆಮೇಲೆ ಒಂದೂವರೆ ಗಂಟೆಯಷ್ಟು ಸಮುದ್ರ. ಎಂಟಕ್ಕೆ ಕಾರವಾರ ಬಿಟ್ಟವರು ದ್ವೀಪದ ಬಳಿ ತಲುಪಿದ್ದು ಮಧ್ಯಾಹ್ನ, ನೀರಿಗಿಳಿದದ್ದು ಎರಡು ಗಂಟೆಗೆ. ಅಷ್ಟರಲ್ಲಿ ಗಾಳಿ ಎದ್ದು ಅರ್ಧ ಜನ ವಾಂತಿ ಮಾಡಿಕೊಂಡಿದ್ದರು. ಸ್ಕೂಬಾ ಮಾಡಿಸಿ ಅದೇ ಸಂಜೆ 7.30ಕ್ಕೆ ಬೆಂಗಳೂರಿನ ಬಸ್ಸು ಹತ್ತಿಸಿದಿರಿ. ಒತ್ತಡದಲ್ಲಿ ಉಸಿರಾಡಿದಾಗ ದೇಹದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಬರಬೇಕು. ಅದಕ್ಕೆ ಮುನ್ನವೇ ಎತ್ತರದ ಜಾಗಕ್ಕೆ ಏರಿದರೆ ಅದು ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡಬಹುದು. ಒಂದೇ ಬಾರಿ ಮುಳುಗಿದ್ದರೂ ವಿಮಾನ ಹತ್ತಲು ಕನಿಷ್ಠ 12 ಗಂಟೆ ಬಿಡಬೇಕೆಂಬುದು ಡೈವಿಂಗ್‌ನ ರೂಢಿಯ ನಿಯಮ. ಸುಮಾರು 600 ಮೀಟರ್ ದಾಟುವ ಘಟ್ಟದ ರಸ್ತೆಗೂ ಅದೇ ಎಚ್ಚರ ಬೇಕು, ಬೆಂಗಳೂರಂತೂ 900 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆಯೇ ಮುಳುಗಿಸಿ, ರಾತ್ರಿ ಮುರುಡೇಶ್ವರದಲ್ಲೇ ಉಳಿಸಿ, ಮರುದಿನ ಘಟ್ಟ ಹತ್ತಿಸಿ. ಅದಾಗದಿದ್ದರೆ ಕಾರವಾರದ ಪ್ಯಾಕೇಜಿನಿಂದ ನೇತ್ರಾಣಿಯನ್ನು ಪೂರ್ತಿ ತೆಗೆಯಿರಿ.

ಇನ್ನು ಕರಪತ್ರ. ಅದರಲ್ಲಿ ‘ಅಂಜುದೀವ ದ್ವೀಪ ಭೇಟಿ’ ಎಂದಿದೆ. ಅಂಜುದೀವ ಆಡಳಿತದ ಲೆಕ್ಕಕ್ಕೆ ಗೋವಾದ್ದು, ವಶದಲ್ಲಿರುವುದು ನೌಕಾಪಡೆಯದು, ಸೀಬರ್ಡ್ ನೌಕಾನೆಲೆಯ ಭಾಗ. ಪ್ರವಾಸಿಗರು ಅಲ್ಲಿ ಕಾಲಿಡುವಂತಿಲ್ಲ. ಕೊನೆಗೆ ನೀವು ದೂರದಿಂದ ದೇವಗಡ ದ್ವೀಪದ ದೀಪಸ್ತಂಭ ತೋರಿಸಿ ‘ಅದೇ ಇದು’ ಎಂದಿರಿ. 1864ರ ಆ ದೀಪಸ್ತಂಭ ತನ್ನ ಹೆಸರಿನಿಂದಲೇ ನೋಡಲು ಯೋಗ್ಯವಾದದ್ದು. ಕಡಲತೀರದಲ್ಲಿರುವ ಚಾಪಲ್ ಯುದ್ಧನೌಕೆ 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿತೆಂದು ನಿಮ್ಮ ಗೈಡ್ ವಿವರಿಸಿದರು. ಚಾಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ. ಕಾಳಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿದ್ದರೂ ಮುಖಪುಟದಲ್ಲಿ ಇನ್ನೂ ಎರಡು ಸೇತುವೆಗಳಿವೆ.

‘ಕಾರವಾರಿ ಮೀನೂಟ’ ಎಂದು ಬಡಿಸಿದ್ದು ಮುಳ್ಳಿಲ್ಲದ ಫ್ರೀಜರ್ ಬಾಸಾ ಮೀನು. ಮಾರುಕಟ್ಟೆಗೆ ಬಂಗಡೆ, ಇಸ್ವಾಣ, ತಿಸರೆ ಬರುವ ಕಾಲದಲ್ಲಿ ಹೀಗೆ ಮಾಡಿದ್ದು ಬೇಸರ ತಂದಿತು. ಪೇಟೆಯ ಯಾವ ಸಣ್ಣ ಖಾನಾವಳಿಗೆ ಹಿಂದಿನ ದಿನ ತಿಳಿಸಿದ್ದರೂ ಇದಕ್ಕಿಂತ ಕಡಿಮೆ ದರಕ್ಕೆ ಒಳ್ಳೆಯ ಊಟ ಸಿಗುತ್ತಿತ್ತು.

ನಮ್ಮ ಬೇಡಿಕೆ ಇಷ್ಟು. ಮಾಡಿಸದ ಅಂಜುದೀವ ಭೇಟಿಗೆಂದು ವಸೂಲು ಮಾಡಿದ ತಲಾ ₹1,200ನ್ನು ಎಲ್ಲರಿಗೂ ಹಿಂತಿರುಗಿಸಿ. ಮಕ್ಕಳ ಅಳತೆಯೂ ಸೇರಿದಂತೆ ಸರಿಯಾದ ಜಾಕೆಟ್ ಒದಗುವವರೆಗೆ ಕೂರ್ಮಗಡದ ಬುಕಿಂಗ್ ನಿಲ್ಲಿಸಿ. ಸಮುದ್ರಕ್ಕೆ ಇಳಿಯಬೇಕೋ ಬೇಡವೋ ಎಂಬ ಕೊನೆಯ ಮಾತು ತಾಂಡೇಲರದೇ ಎಂದು ಕರಾರಿನಲ್ಲಿ ಬರೆಯಿರಿ, ಬೇಡವೆಂದ ದಿನವೂ ಅವರ ಬಾಡಿಗೆ ಕೊಡಿ. ಬಾಡಿಗೆ ತಪ್ಪುವ ಭಯವಿದ್ದರೆ ಯಾರೂ ಬೇಡವೆನ್ನುವುದಿಲ್ಲ.

ಜಾಕೆಟ್‌ಗಳ ಫೋಟೋ, ಕರಪತ್ರದ ಪ್ರತಿ ಮತ್ತು ರಸೀದಿಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆ ಮತ್ತು ದಾರಿತಪ್ಪಿಸುವ ಜಾಹೀರಾತಿನ ಕುರಿತು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಈ ಪತ್ರದ ಪ್ರತಿಯನ್ನು ಕಾರವಾರದ ಜಿಲ್ಲಾಡಳಿತಕ್ಕೂ ಕಳುಹಿಸಿದ್ದೇವೆ.

ಇಂತಿ,
ಪ್ರವಾಸದ ಸಹಪ್ರಯಾಣಿಕರು